ಕಾಯುತ್ತ ಕೂತವರ ಊರು

ಟಾರೆನ್ಸ್ ಗಿರಣಿ, ಕೆನಡಾ
1856, ನವೆಂಬರ್ 9

ಮಗಳೇ ಎಫೀ,

ನಿಂತುಕೊಂಡು ಓದಬೇಡ, ಕೂತುಕೋ. ಸುದ್ದಿ ದೊಡ್ಡದು. ಕಬ್ಬಿಣದ ಚಕ್ರ ಬಂತು!

ನಾಲ್ಕು ಜೋಡಿ ಎತ್ತು ಕಟ್ಟಿ ಎಳೆದು ತಂದರು. ಊರಿನ ಅರ್ಧ ಜನ ಬಂಡಿಯ ಮುಂದೆ, ಇನ್ನರ್ಧ ಹಿಂದೆ. ಸೇತುವೆಯ ಹತ್ತಿರ ಗಾಲಿ ಹೂತುಕೊಂಡಾಗ ನಮ್ಮ ಕಮ್ಮಾರ ಡೋರನ್ ಕೋಟು ಕಳಚಿ ಹೆಗಲು ಕೊಟ್ಟ. ಆಮೇಲೆ ಸುತ್ತಿಗೆಯಿಂದ ಚಕ್ರವನ್ನು ಒಮ್ಮೆ ಬಡಿದು, ಕಿವಿಗೊಟ್ಟು, "ಚರ್ಚಿನ ಗಂಟೆ ಇದ್ದಂಗಿದೆ ಕಣಯ್ಯಾ! ಇದನ್ನ ತಗೊಂಡೋಗಿ ನೀರಲ್ಲಿ ಮುಳುಗಿಸ್ತೀಯಲ್ಲ, ನಿಂಗೆ ಒಳ್ಳೇದಾಗುತ್ತಾ?" ಅಂದ. ಅವನ ಮಾತಿಗೆ ನಾನು ಯಾವತ್ತು ಬೆಲೆ ಕೊಟ್ಟಿದ್ದೇನೆ?

ಹಳೆಯ ಮರದ ಚಕ್ರದ ಪಾಡು ನಿನಗೇ ಗೊತ್ತು. ದಮ್ಮು ಹಿಡಿದ ಮುದುಕನ ಹಾಗೆ ಕೆಮ್ಮುತ್ತ ತಿರುಗುತ್ತಿತ್ತು. ಚಳಿಗಾಲದಲ್ಲಿ ಮಂಜು ಕಟ್ಟಿ ನಿಂತೇ ಬಿಡುತ್ತಿತ್ತು. ಬೀಸುಕಲ್ಲು ಇದ್ದದ್ದು ಒಂದೇ ಜೋಡಿ. ಬೆಳಗ್ಗೆ ಗೋಧಿ ಇಳಿಸಿದ ರೈತ ಹಿಟ್ಟು ಹೇರಿಕೊಂಡು ಹೊರಡುವಷ್ಟರಲ್ಲಿ ದೀಪ ಹಚ್ಚಬೇಕಾಗುತ್ತಿತ್ತು. ಇನ್ನು ಅದೆಲ್ಲ ಇಲ್ಲ. ಈ ಚಕ್ರ ನೀರಿನ ಅಡಿಯಲ್ಲೇ ಮಲಗಿ ತಿರುಗುತ್ತದೆ; ಮೇಲೆ ಎಷ್ಟು ಮಂಜು ಕಟ್ಟಿದರೂ ಅದಕ್ಕೆ ಪರಿವೆಯಿಲ್ಲ. ಕಲ್ಲು ಮೂರು ಜೋಡಿ. 'ಟಾರೆನ್ಸನ ಗಿರಣಿಯಲ್ಲಿ ಯಾರೂ ಕಾಯುವುದಿಲ್ಲ' ಎಂದು ಬೋರ್ಡು ಬರೆಸಬೇಕೆಂದಿದ್ದೇನೆ.

ಊರು ಹೇಗೆ ಬೆಳೆದಿದೆ ಅಂತೀಯೆ! ನೀನು ತೊಟ್ಟಿಲಲ್ಲಿದ್ದಾಗ ಇಲ್ಲಿ ಇದ್ದದ್ದು ಹೊಳೆಯ ದಬದಬೆ, ಗಿರಣಿ, ನಾನು, ನಿನ್ನಮ್ಮ, ಲೆಕ್ಕವಿಲ್ಲದ ಸೊಳ್ಳೆ. ಡೋರನ್ ಬಂದದ್ದು ಗೋಧಿ ಬೀಸಿಸಲು. ಹೊತ್ತು ಹೋಗದೆ ಪಕ್ಕದವನ ಕುದುರೆಗೆ ಲಾಳ ಹೊಡೆದುಕೊಟ್ಟ. ಮುಂದಿನ ಸಲ ಕುಲುಮೆಯ ಸಾಮಾನನ್ನೆಲ್ಲ ಹೇರಿಕೊಂಡೇ ಬಂದ. ಓರ್ಪಾ ಬ್ಲೇಕ್ಲಿ ಪೀಪಾಯಿಯ ಮೇಲೆ ಹಲಗೆ ಇಟ್ಟು ಕಾಯುವವರಿಗೆ ಸೇಬಿನ ಪೈ ಮಾರುತ್ತಿದ್ದಳು. ಈಗ ಅವಳದು ಮಹಡಿ ಇರುವ ಹೋಟೆಲು. ಕೂತವರ ಕಾಲು ನೋಡಿ ಬೂಟು ಹೊಲಿಯುವವನು ಬಂದ, ಕೂತವರ ಜೇಬು ನೋಡಿ ದಿನಸಿಯವನು ಬಂದ, ಕೂತವರ ಬಾಯಿ ಕೇಳಿ ಪಾದ್ರಿ ಬಂದ. ಎಲ್ಲ ನನ್ನ ಗಿರಣಿಯ ಪುಣ್ಯ.

ಈಗ ನಿನ್ನ ವಿಷಯ. ಗಿರಣಿಯ ಪಕ್ಕದ ಕೋಣೆಯನ್ನು ನಿನ್ನ ಹೆಸರಿಗೆ ಹಿಡಿದಿದ್ದೇನೆ. ದೊಡ್ಡ ಕಿಟಕಿ, ಎದುರಿಗೇ ಕುದುರೆ ಕಟ್ಟುವ ಗೂಟಗಳು. ರೈತರ ಹೆಂಡಂದಿರು ಬಂಡಿಯಲ್ಲಿ ಕೂತರೆ ಕಣ್ಣು ಬೀಳುವುದೇ ಅಲ್ಲಿ. ಟೋಪಿ ಅಂಗಡಿ ಇಡು. ಆ ಮಿಸ್ ಪ್ರೂವಿಟ್‌ಳ ಹಿಂಬದಿ ಕೋಣೆಯಲ್ಲಿ ಎಷ್ಟು ದಿನ ಅಂತ ಹೊಲಿಯುತ್ತೀಯ? ಬೆರಳು ನಿನ್ನದು, ಹೆಸರು ಅವಳದು.

ನಿನ್ನ ಅಪ್ಪ,
ಹ್ಯೂ ಟಾರೆನ್ಸ್

*

ಹ್ಯಾಮಿಲ್ಟನ್
1856, ನವೆಂಬರ್ 30

ಅಪ್ಪಾ,

ಕೂತೇ ಓದಿದೆ. ಓದಿ ಎದ್ದು ಕುಣಿದೆ! ನನ್ನ ಜೊತೆಯ ಹುಡುಗಿಯರು ನನ್ನ ಬಟ್ಟೆಯೊಳಗೆ ಇಲಿ ಹೊಕ್ಕಿದೆ ಎಂದುಕೊಂಡರು.

ಎಷ್ಟು ಜನರ ತಲೆಗೆ ಟೋಪಿ ಹೊಲಿದಿದ್ದೇನೆ, ಒಂದರೊಳಗೂ ನನ್ನ ಹೆಸರಿನ ಚೀಟಿ ಇಲ್ಲ. ಕಳೆದ ಭಾನುವಾರ ಮೇಯರ್ ಹೆಂಡತಿಯ ತಲೆಯ ಮೇಲೆ ನನ್ನ ಟೋಪಿ ಪ್ರಾರ್ಥನೆಗೆ ಬಂದಿತ್ತು. ಎಲ್ಲರೂ ಮಿಸ್ ಪ್ರೂವಿಟ್‌ಳ ಕೈ ಕುಲುಕಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಆಮೆನ್ ಅಂದೆ.

ಆದರೆ ಅಪ್ಪಾ, ಒಂದು ಮಾತು. ಮಿಸ್ ಪ್ರೂವಿಟ್ ಮೊನ್ನೆ ನನ್ನನ್ನು ಕರೆದು, "ನೋಡಮ್ಮ, ನನಗೂ ವಯಸ್ಸಾಯ್ತು. ಬರೋ ಮೇ ಒಂದಕ್ಕೆ ಪಾಲುದಾರಳಾಗಿ ಸಹಿ ಹಾಕು. ಅಷ್ಟರೊಳಗೆ ಯೋಚನೆ ಮಾಡಿ ಹೇಳು" ಅಂದಿದ್ದಾಳೆ. ಬೋರ್ಡಿನಲ್ಲಿ ಹೆಸರು ಅವಳದೇ ಇರುತ್ತದೆ, ಸಂಪಾದನೆಯಲ್ಲಿ ನನಗೂ ಪಾಲು. ಸಹಿ ಹಾಕಿದರೆ ಮತ್ತೆ ಬಿಟ್ಟುಬರುವ ಮಾತಿಲ್ಲ. ನನ್ನ ಮನಸ್ಸು ನಮ್ಮೂರ ಕಡೆಗೇ ಇದೆ, ಆದರೂ ಕಣ್ಣು ಮುಚ್ಚಿ ಹಾರುವವಳು ನಾನಲ್ಲ.

ಆದ್ದರಿಂದ ಸರಿಯಾಗಿ ನೋಡಿ ಬರೆ. ಗಿರಣಿಗೆ ಹೆಂಗಸರು ಎಷ್ಟು ಮಂದಿ ಬರುತ್ತಾರೆ? ಎಷ್ಟು ಹೊತ್ತು ಇರುತ್ತಾರೆ? ಟೋಪಿ ಎಂದರೆ ಮೊಳೆಯಲ್ಲ, ಬೇಕೆಂದು ಬಂದು ಕೊಂಡುಹೋಗಲು. ಒಂದನ್ನು ಹಾಕಿ ನೋಡಬೇಕು, ತೆಗೆಯಬೇಕು, ಇನ್ನೊಂದನ್ನು ಹಾಕಬೇಕು, ಹೊರಗೆ ಹೋಗಿ ನಾದಿನಿಯನ್ನು ಕರೆದುಕೊಂಡು ಬರಬೇಕು, ನಾದಿನಿ ಮೂಗು ಮುರಿಯಬೇಕು, ಅದಕ್ಕೇ ಹಟದಿಂದ ಕೊಳ್ಳಬೇಕು. ಹೆಂಗಸಿಗೆ ಮಾಡಲು ಬೇರೇನೂ ಕೆಲಸವಿಲ್ಲದಿದ್ದಾಗ ಮಾತ್ರ ಟೋಪಿ ಮಾರಾಟವಾಗುತ್ತದೆ.

ಮತ್ತೆ, ನಿನ್ನ ಪತ್ರದಲ್ಲಿ ಚಕ್ರದ ಆರೋಗ್ಯ ತಿಳಿಯಿತು. ನಿನ್ನದು ಬರೆಯಲಿಲ್ಲ.

ನಿನ್ನ
ಎಫೀ

*

ಟಾರೆನ್ಸ್ ಗಿರಣಿ
1857, ಜನವರಿ 18

ಎಫೀ,

ತಿರುಗಿತು! ಹೊಸ ವರ್ಷದ ಮಾರನೆಯ ದಿನ ತೂಬು ಎತ್ತಿದೆ. ಮೊದಲು ನೆಲ ನಡುಗಿತು, ಆಮೇಲೆ ಕಲ್ಲು ಹಾಡಿತು. ನಿನ್ನಾಣೆ, ಹಾಡಿತು! ಓರ್ಪಾ ಭೂಕಂಪವೆಂದು ಬೀದಿಗೆ ಓಡಿಬಂದಳು.

ಜರ್ಮನ್ ರೈತ ಸ್ನೈಡರ್ ಗೊತ್ತಲ್ಲ, ನಾಲ್ಕು ಮಾತಾಡಲು ನಾಲ್ಕು ದಿನ ಬೇಕು ಅವನಿಗೆ. ಚೀಲ ಸುರಿದು, ಯಾವಾಗಿನಂತೆ ಒಲೆಯ ಪಕ್ಕ ಕೂತು, ಪೈಪಿಗೆ ಹೊಗೆಸೊಪ್ಪು ತುಂಬುತ್ತಿದ್ದ. ನಾನು ಹೋಗಿ ಭುಜ ತಟ್ಟಿ, "ಏಳಪ್ಪಾ, ಆಯ್ತು" ಅಂದೆ. "ಏನಾಯ್ತು?" ಅಂದ. "ಹಿಟ್ಟು!" ಅಂದೆ. ಅವನು ಚೀಲದೊಳಗೆ ಕೈ ಹಾಕಿ ನೋಡಿದ, ನನ್ನ ಮುಖ ನೋಡಿದ, ಪೈಪು ನೋಡಿದ. ಹಚ್ಚದ ಪೈಪನ್ನು ಬಾಯಲ್ಲಿಟ್ಟುಕೊಂಡೇ ಮನೆಗೆ ಹೊರಟ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಹ್ಯಾಮಿಲ್ಟನ್ನಿನ ವರ್ತಕರೂ ಪೀಪಾಯಿಗಟ್ಟಲೆ ಹಿಟ್ಟು ಕೇಳುತ್ತಿದ್ದಾರೆ. ಪೀಪಾಯಿ ಮಾಡುವವನೊಬ್ಬ ಹೆಂಡತಿ ಮಕ್ಕಳ ಸಮೇತ ಬಂದು ಇಳಿದಿದ್ದಾನೆ. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಸುಮ್ಮನೆ ಹೇಳಿದರೆ?

ನೀನು ಕೇಳಿದ್ದು: ಹೆಂಗಸರು ಬರುತ್ತಾರೆ, ಬರುತ್ತಾರೆ. ಈ ವರ್ಷ ಚಳಿ ಸ್ವಲ್ಪ ಜಾಸ್ತಿ. ಕೋಣೆಗೆ ಬಿಳಿ ಬಣ್ಣ ಬಳಿದೆ. ಕಿಟಕಿಗೆ ನೀಲಿ ಚೆನ್ನಾಗಿರುತ್ತದೋ ಹಸಿರೋ, ಬೇಗ ಬರೆ. ಡೋರನ್ ಯಾಕೋ ಇತ್ತೀಚೆಗೆ ಮುಖ ಕೊಟ್ಟು ಮಾತಾಡುವುದಿಲ್ಲ. ಹೊಟ್ಟೆಕಿಚ್ಚಿರಬೇಕು.

ನಿನ್ನ ಅಪ್ಪ,
ಹ್ಯೂ ಟಾರೆನ್ಸ್

*

ಟಾರೆನ್ಸ್ ಗಿರಣಿ
1857, ಮಾರ್ಚ್ 1

ಎಫೀ ಮಗೂ,

ನಾನು ಕಮ್ಮಾರ ಡೋರನ್‌ನ ಹೆಂಡತಿ ನೋರಾ. ನಿನ್ನ ಮೊದಲ ಹಲ್ಲು ಕಿತ್ತವಳು. ಬರೆಯುವ ಅಭ್ಯಾಸ ತಪ್ಪಿದೆ, ತಿದ್ದಿಕೊಂಡು ಓದು. ಈ ಪತ್ರದ ವಿಷಯ ನಿನ್ನ ಅಪ್ಪನಿಗೆ ಗೊತ್ತಿಲ್ಲ.

ಮೇ ತಿಂಗಳಿಗೆ ನೀನು ಬರುತ್ತೀಯ ಎಂದು ಅವನು ಊರಿಗೆಲ್ಲ ಸಾರಿದ್ದಾನೆ. ಬರುವ ಮೊದಲು ನಿಜ ತಿಳಿದುಕೋ. ಊರಿನಲ್ಲಿ ಜನವಿಲ್ಲ. ರೈತ ಬರುತ್ತಾನೆ, ಚೀಲ ಒಗೆಯುತ್ತಾನೆ, ಹಿಟ್ಟು ಹೇರುತ್ತಾನೆ, ಹೋಗುತ್ತಾನೆ. ಕುದುರೆಯ ಬೆವರೂ ಆರಿರುವುದಿಲ್ಲ. ನನ್ನ ಗಂಡ ಕುಲುಮೆ ಹೊತ್ತಿಸಿ ಬೀದಿ ನೋಡುತ್ತ ನಿಲ್ಲುತ್ತಾನೆ. ಮೊದಲಾದರೆ ಕಾಯುವಾಗ, "ಹೆಂಗೂ ಕೂತಿದೀನಿ, ಈ ನೇಗಿಲೂ ನೋಡಿಬಿಡು" ಅನ್ನುತ್ತಿದ್ದರು. ಈಗ ಕೂರುವವರೇ ಇಲ್ಲ. ಓರ್ಪಾ ಮಾಡಿದ ಪೈ ಹಂದಿಗೆ ಹೋಗುತ್ತಿದೆ. ಈ ಊರಲ್ಲಿ ಈಗ ಬೆಳೆಯುತ್ತಿರುವುದು ಓರ್ಪಾಳ ಹಂದಿ ಮಾತ್ರ. ಬೂಟು ಹೊಲಿಯುವವನು ಗಂಟು ಕಟ್ಟುತ್ತಿದ್ದಾನೆ.

ಹೆಂಗಸರಂತೂ ಬರುವುದನ್ನೇ ಬಿಟ್ಟರು. ಅರ್ಧ ಗಳಿಗೆಗೋಸ್ಕರ ಯಾರು ಮಕ್ಕಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅಷ್ಟು ದೂರ ಬರುತ್ತಾರೆ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವ ಹಾಗಾಯಿತು.

ನಿನ್ನ ಅಪ್ಪ ಕೆಟ್ಟವನಲ್ಲ. ಪ್ರತಿ ಭಾನುವಾರ ಆ ಕೋಣೆಗೆ ಮತ್ತೊಮ್ಮೆ ಬಣ್ಣ ಬಳಿಯುತ್ತಾನೆ. ಗೋಡೆ ದಪ್ಪವಾಗಿ ಕೋಣೆ ಚಿಕ್ಕದಾದರೂ ಆಶ್ಚರ್ಯವಿಲ್ಲ. ಮೊನ್ನೆ ಖಾಲಿ ಬೀದಿ ನೋಡುತ್ತ ನಿಂತಿದ್ದವನನ್ನು ನಾನೇ ಕಂಡೆ. ಅವನಿಗೂ ಗೊತ್ತಾಗಿದೆ. ನಿನಗೆ ಹೇಳಲು ಬಾಯಿಲ್ಲ, ಅಷ್ಟೇ.

ನಿನ್ನ
ನೋರಾ ಅತ್ತೆ

*

ಹ್ಯಾಮಿಲ್ಟನ್
1857, ಮಾರ್ಚ್ 15

ಅಪ್ಪಾ,

ಕಿಟಕಿಗೆ ನೀಲಿಯೂ ಬೇಡ, ಹಸಿರೂ ಬೇಡ.

ಚಳಿ ಜಾಸ್ತಿಯೇ? ನನಗೆ ಸಿಟ್ಟು ಬಂದಿರುವುದು ಬೀದಿ ಖಾಲಿಯಾದದ್ದಕ್ಕಲ್ಲ, ನನ್ನಿಂದ ಮುಚ್ಚಿಟ್ಟದ್ದಕ್ಕೆ. ಯಾರು ಹೇಳಿದರು ಎಂದು ಕೇಳಬೇಡ. ನಾನು ಬಂದು ಬಾಗಿಲು ತೆರೆದು ಕೂತು, ಒಂದು ನರಪಿಳ್ಳೆಯೂ ಬರದೆ, ಮಿಸ್ ಪ್ರೂವಿಟ್‌ಳ ಕೆಲಸವೂ ಕೈಬಿಟ್ಟು ಹೋದಮೇಲೆ ಹೇಳಬೇಕೆಂದಿದ್ದೆಯಾ?

ನಿನ್ನ ನವೆಂಬರಿನ ಪತ್ರವನ್ನು ಮತ್ತೆ ಓದಿದೆ. ಅದರಲ್ಲಿ ಎಲ್ಲ ನೀನೇ ಬರೆದಿದ್ದೀಯ, ನಾವಿಬ್ಬರೂ ನೋಡಲಿಲ್ಲ. ಡೋರನ್ ಮಾವ ಲಾಳ ಹೊಡೆದದ್ದು ಯಾಕೆ? ಹೊತ್ತು ಹೋಗದೆ. ಓರ್ಪಾ ಪೈ ಮಾರಿದ್ದು ಯಾರಿಗೆ? ಕಾಯುವವರಿಗೆ. ಅಪ್ಪಾ, ಆ ಊರನ್ನು ಕಟ್ಟಿದ್ದು ನಿನ್ನ ಗಿರಣಿಯಲ್ಲ. ನಿನ್ನ ಗಿರಣಿಯ ನಿಧಾನ. ಜನ ಬೇಸರ ಕಳೆಯಲು ಕೊಟ್ಟ ಕಾಸಿನಲ್ಲಿ ನಮ್ಮೂರ ಚರ್ಚಿನ ಗೋಪುರವೂ ಎದ್ದಿದೆ. ನೀನು ಬೇಸರವನ್ನು ಓಡಿಸಿದೆ, ಅದರ ಹಿಂದೆ ಊರೂ ಹೊರಟಿತು.

ಚಕ್ರ ನಿಲ್ಲಿಸು ಎಂದು ನಾನು ಕೇಳುವುದಿಲ್ಲ. ಅದು ನಿನ್ನ ಇಪ್ಪತ್ತು ವರ್ಷದ ಕನಸು, ನನಗೆ ಗೊತ್ತು. ಆದರೆ ನನ್ನ ಹೊಟ್ಟೆಪಾಡು ನಾನು ನೋಡಿಕೊಳ್ಳಬೇಕು. ಮೇ ಒಂದರಂದು ಇಲ್ಲೇ ಸಹಿ ಹಾಕುತ್ತೇನೆ.

ಎಫೀ

*

ಟಾರೆನ್ಸ್ ಗಿರಣಿ
1857, ಏಪ್ರಿಲ್ 24

ಎಫೀ,

ಇಷ್ಟು ದಿನ ಪತ್ರ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ. ಈಗ ಬರೆಯುತ್ತಿರುವುದು ಸಂತೋಷಕ್ಕೆ. ಮೊದಲಿನಿಂದ ಹೇಳುತ್ತೇನೆ, ನಗಬೇಕಾದಲ್ಲಿ ನಗು, ನನಗೇನೂ ಬೇಜಾರಿಲ್ಲ. ಊರೆಲ್ಲ ನಕ್ಕಾಗಿದೆ.

ನಿನ್ನ ಪತ್ರ ಓದಿದ ಮೇಲೆ ಒಂದು ಉಪಾಯ ಹೊಳೆಯಿತು. ಕಳೆದ ವಾರ ಸೋಮವಾರ ಬೆಳಗ್ಗೆ ತೂಬು ಇಳಿಸಿ ಬಾಗಿಲಿಗೆ ಹಲಗೆ ನೇತುಹಾಕಿದೆ: 'ಹೊಳೆಯಲ್ಲಿ ನೀರು ಕಡಿಮೆ. ಕಾಯಬೇಕು.' ಜನ ಕಾಯಲಿ, ಕೂತರೆ ಬೀದಿ ತುಂಬುತ್ತದೆ, ತುಂಬಿದರೆ ನೀನು ಬರುತ್ತೀಯ ಎಂದು ನನ್ನ ಲೆಕ್ಕ. ಒಂದೇ ಒಂದು ವಿಷಯ ತಲೆಗೆ ಹೋಗಲಿಲ್ಲ. ಅದು ಏಪ್ರಿಲ್ ತಿಂಗಳು, ಮೇಲಿನ ಕಾಡಿನ ಹಿಮವೆಲ್ಲ ಕರಗಿ ಹೊಳೆ ಒಡ್ಡಿನ ಮೇಲೆ ಹಾರಿ ಬೀಳುತ್ತಿತ್ತು. ಹಲಗೆಯಲ್ಲಿ ಏನು ಬರೆದಿದೆ ಎಂದು ಒಬ್ಬರಿಗೊಬ್ಬರು ಹೇಳಬೇಕಾದರೆ ಆ ಭೋರ್ಗರೆತದಲ್ಲಿ ಕಿರುಚಬೇಕಾಗಿತ್ತು.

ಸ್ನೈಡರ್ ತನ್ನ ಹೆಂಡತಿ ಬಾರ್ಬರಾಳ ಜೊತೆ ಬಂದಿದ್ದ. ಅವಳಿಗೆ ಹೊಲಿಗೆಯ ಸೂಜಿ ತೀರಿಹೋಗಿತ್ತಂತೆ. ಅವನು ಹಲಗೆಯನ್ನು ಎರಡು ಸಲ ಓದಿದ. ಒಡ್ಡಿನ ತನಕ ನಡೆದು ಹೋದ. ಬಗ್ಗಿ ಕೈ ಅದ್ದಿದ. ತೋಳಿನ ತನಕ ಒದ್ದೆಯಾಗಿ ವಾಪಸು ಬಂದು ಕೈಯನ್ನು ನನ್ನ ಮುಖದ ಮುಂದೆ ಹಿಡಿದ.

"ಟಾರೆನ್ಸಣ್ಣ, ಇದೇನು?"

"ನೀರು."

"ಕಡಿಮೆನಾ?"

"ಗಿರಣಿಗೆ ಬೇಕಾದಂಥದ್ದು ಕಡಿಮೆ" ಅಂದೆ.

ಡೋರನ್ ಕುಲುಮೆಯ ಬಾಗಿಲಲ್ಲಿ ಬಿದ್ದು ಬಿದ್ದು ನಗಲು ಶುರುಮಾಡಿದ. ಬಾರ್ಬರಾ ಬಂಡಿಯಿಂದ ಇಳಿದು ಸೊಂಟದ ಮೇಲೆ ಕೈಯಿಟ್ಟು, "ಅಲ್ಲಾ ಕಣಯ್ಯಾ, ನೀರಿಲ್ವಾ? ಹಂಗಾದ್ರೆ ನನ್ ಕಿವೀಲಿ ಮೊಳಗ್ತಿರೋದು ಏನು, ನಿನ್ ತಲೇನಾ? ಸುಳ್ಳು ಹೇಳೋಕೂ ಯೋಗ್ಯತೆ ಬೇಕು. ಏನ್ ವಿಷ್ಯ, ಬೊಗಳು!" ಅಂದಳು.

ಹೇಳಿಬಿಟ್ಟೆ. ಎಲ್ಲರೆದುರಿಗೇ. "ನನ್ನ ಮಗಳು ಟೋಪಿ ಅಂಗಡಿ ಇಡಬೇಕು ಅಂತಿದ್ಲು. ನೀವು ಬಂದ ಹೆಜ್ಜೆಗೇ ತಿರುಗಿ ಹೋದ್ರೆ ಅವಳ ಟೋಪಿ ಯಾರು ತಗೋತಾರೆ? ಅದಕ್ಕೇ ತೂಬು ಇಳಿಸಿದೆ. ಸಾಕಾ?" ಅಂದೆ. ಗಂಡಸರು ನಕ್ಕರು. ಬಾರ್ಬರಾ ನಗಲಿಲ್ಲ. ಗಂಡಸರ ಕಡೆ ತಿರುಗಿ, "ಹಲ್ಲು ಬಿಡಬೇಡ್ರೋ" ಅಂದಳು. "ಮೊದ್ಲು ಗಿರಣಿಗೆ ಹೋಗೋದು ಅಂದ್ರೆ ನಂಗೆ ಹಬ್ಬ. ಒಂದು ದಿನ ಪೂರ್ತಿ ನಾಲ್ಕು ಹೆಂಗಸರ ಮುಖ ನೋಡ್ತಿದ್ದೆ, ಅತ್ತು ಬರ್ತಿದ್ದೆ, ನಕ್ಕು ಬರ್ತಿದ್ದೆ. ಈ ಚಳಿಗಾಲ ಪೂರ್ತಿ ನಾನು ನೋಡಿದ್ದು ಎರಡೇ ಮುಖ, ಇವರದ್ದು, ನಮ್ಮ ಹಸೂದು. ಹಸು ಆದ್ರೂ ಒಂದೊಂದ್ಸಲ ಮಾತಾಡುತ್ತೆ."

ಯಾರೋ ಒಬ್ಬ, "ಬೇಗ ಆಗೋದು ಒಳ್ಳೇದೇ ಅಲ್ವಾ?" ಅಂದ.

"ನಿಮಗೆ ಒಳ್ಳೇದು. ಮನೇಲಿ ಕೂತವರನ್ನ ಕೇಳಿದ್ರಾ?" ಅಂದವಳೇ ನನ್ನ ಕಡೆ ಬೆರಳು ತೋರಿಸಿದಳು. "ನಿನ್ ಚಕ್ರ ಓಡಲಿ, ಬೇಡ ಅನ್ನಲ್ಲ. ವಾರವೆಲ್ಲ ಆ ಪಟ್ಟಣದವರ ಪೀಪಾಯಿ ತುಂಬು. ಗುರುವಾರ ಒಂದಿನ ಮಾತ್ರ ನಮ್ ಗೋಧಿ ಬೀಸು. ಸುತ್ತಿನವರೆಲ್ಲ ಒಂದೇ ದಿನ ಬಂದ್ರೆ ಮೂರು ಕಲ್ಲಲ್ಲ, ಮುನ್ನೂರು ಕಲ್ಲಿದ್ರೂ ಕಾಯ್ಲೇಬೇಕು. ಹೆಂಗಸರನ್ನ ಕರ್ಕೊಂಡು ಬರೋದು ನಂಗೆ ಬಿಡು. ಬೆಣ್ಣೆ, ಮೊಟ್ಟೆ, ಸಕ್ಕರೆ ಎಲ್ಲ ತರ್ತೀವಿ."

ನಮ್ಮ ಗಿರಣಿಯ ಕಟ್ಟಳೆ ನಿನಗೆ ಗೊತ್ತು. ಮೊದಲು ಬಂದವನದು ಮೊದಲು. ನ್ಯಾಯಾಧೀಶ ಬಂದರೂ ಸರದಿ ಮುರಿಯುವಂತಿಲ್ಲ. ಇಷ್ಟು ವರ್ಷ ಅದನ್ನೇ ಕಾಪಾಡಿಕೊಂಡು ಬಂದೆ, ಅದರಲ್ಲೇ ಒಂದು ಸಂತೆ ಅಡಗಿದೆ ಎಂದು ನನಗೆ ಹೊಳೆಯಲೇ ಇಲ್ಲ ನೋಡು!

ನಿನ್ನೆ ಮೊದಲ ಗುರುವಾರ. ಎಫೀ, ನೀನು ನೋಡಬೇಕಾಗಿತ್ತು! ಬಂಡಿಗಳು ಸೇತುವೆಯ ಆಚೆಯ ತನಕ. ಕೋಳಿ, ಉಣ್ಣೆ, ಮೇಪಲ್ ಸಕ್ಕರೆಯ ಅಚ್ಚು, ಅಳುವ ಮಕ್ಕಳು, ಜಗಳ, ಎರಡು ಮದುವೆಯ ಮಾತುಕತೆ. ಓರ್ಪಾಳ ಪೈ ಮಧ್ಯಾಹ್ನಕ್ಕೇ ಮುಗಿದು ಹಂದಿಗಳು ಉಪವಾಸ. ಡೋರನ್‌ಗೆ ತೋಳು ಎತ್ತಲಾಗುತ್ತಿಲ್ಲ. ಆದರೂ ಸಂಜೆ ಬಂದು ನನ್ನನ್ನು ತಬ್ಬಿಕೊಂಡು ಮೈಯೆಲ್ಲ ಮಸಿ ಮಾಡಿ ಹೋದ. ಬೂಟು ಹೊಲಿಯುವವನು ಗಂಟು ಬಿಚ್ಚಿದ. ಮೂರು ಜೋಡಿ ಕಲ್ಲು ಒಟ್ಟಿಗೆ ಓಡುತ್ತಿದ್ದರೂ ಸರದಿ ಮುಗಿಯುವಾಗ ಸೂರ್ಯ ಮುಳುಗಿದ್ದ. ನನ್ನ ಗಿರಣಿಯಲ್ಲಿ ಜನ ಕಾದರು, ಆದರೂ ನನಗೆ ಕುಣಿಯುವಷ್ಟು ಹಿಗ್ಗು!

ಹೆಂಗಸರೆಲ್ಲ ನಿನ್ನ ಕಿಟಕಿಯ ಮುಂದೆ ನಿಂತು ಒಳಗೆ ಇಣುಕುತ್ತಿದ್ದರು. ಒಳಗೇನಿದೆ, ಬಣ್ಣ. ಬಾರ್ಬರಾ ಗಾಜಿಗೆ ಮೂಗು ಒತ್ತಿ ನೋಡಿ, "ಎಲ್ಲಯ್ಯಾ ನಿನ್ ಮಗಳು?" ಅಂದಳು. ಮುಂದಿನ ಶುಕ್ರವಾರ ಹ್ಯಾಮಿಲ್ಟನ್ನಿನಲ್ಲೇ ಸಹಿ ಹಾಕುತ್ತಾಳೆ ಎಂದೆ.

"ಬಾ ಅಂತ ಬರೆದ್ಯಾ?"

"ಕೋಣೆ ಹಿಡಿದಿದೀನಿ ಅಂತ ಬರೆದೆ. ಬಣ್ಣ ಬಳಿದಿದೀನಿ ಅಂತ ಬರೆದೆ."

"ಅದಲ್ಲ. ಬಾ ಅಂತ ಬರೆದ್ಯಾ?"

ನಾನು ಬರೆದ ಪತ್ರಗಳನ್ನೆಲ್ಲ ಮನಸ್ಸಿನಲ್ಲೇ ಓದಿಕೊಂಡು ಹೋದೆ. ಚಕ್ರ ಇತ್ತು, ಕಲ್ಲು ಇತ್ತು, ಡೋರನ್ ಇದ್ದ. ಆ ಮಾತು ಇರಲಿಲ್ಲ.

ಎಫೀ, ಬಾ.

ಗುರುವಾರದ ಸಂತೆ ಉಳಿಯಲಿ, ಅಳಿಯಲಿ. ಟೋಪಿ ಮಾರಾಟವಾಗಲಿ, ಅಟ್ಟದಲ್ಲಿ ಕೊಳೆಯಲಿ. ಅಂಗಡಿ ಅನ್ನುವುದು ನಾನು ಹಾಕಿದ ಗಾಳ. ನಿನ್ನಮ್ಮ ಹೋದಮೇಲೆ ಮನೆಯಲ್ಲಿ ಸದ್ದು ಬೇಕೆಂದು ಗಿರಣಿ ಓಡಿಸಿದೆ. ಆ ಸದ್ದಿನಲ್ಲಿ ನಿನ್ನ ಮಾತು ಕೇಳಿಸಿಕೊಳ್ಳಲಿಲ್ಲ. ನೀನು ಬೇಕು, ಅಷ್ಟೇ. ಸಹಿ ಹಾಕಿದ ಮೇಲೆ ಈ ಪತ್ರ ಸಿಕ್ಕರೆ, ಹರಿದು ಹಾಕು, ನನಗೆ ಸಿಟ್ಟಿಲ್ಲ.

ಅಪ್ಪ

*

ಹ್ಯಾಮಿಲ್ಟನ್
1857, ಏಪ್ರಿಲ್ 28

ಅಪ್ಪಾ,

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ಎದುರಿಗೆ ನಿಂತರೆ ನಾನೂ ಟಾರೆನ್ಸ್ ಮನೆಯವಳೇ, ಹವೆ ಚಳಿ ಎಂದೆಲ್ಲ ಮಾತಾಡಿ ಮುಗಿಸಿಬಿಡುತ್ತೇನೆ. ಅದಕ್ಕೇ ಬರೆದು ತರುತ್ತಿದ್ದೇನೆ.

ನಿನ್ನ ಪತ್ರವನ್ನು ಅಂಗಡಿಯಲ್ಲೇ ಓದಿದೆ. ನೀರಿನ ವಿಷಯ ಬಂದಾಗ ಎಷ್ಟು ನಕ್ಕೆನೆಂದರೆ ಗಿರಾಕಿಯೊಬ್ಬಳು ತನ್ನ ಟೋಪಿಯನ್ನೇ ನೋಡಿ ನಕ್ಕೆನೆಂದು ಎದ್ದು ಹೋದಳು. ಆಮೇಲೆ ಆ ಎರಡೇ ಪದದ ಸಾಲು ಬಂತು. ಸಿದ್ಧಪಡಿಸುತ್ತಿದ್ದ ಬಿಳಿ ರೇಷ್ಮೆ ರಿಬ್ಬನ್ನಿನ ಮೇಲೆ ಕಣ್ಣೀರು ಬಿದ್ದು ಅದು ಕೆಲಸಕ್ಕೆ ಬಾರದೆ ಹೋಯಿತು.

ಮಿಸ್ ಪ್ರೂವಿಟ್‌ಗೆ ಸಹಿ ಹಾಕುವುದಿಲ್ಲವೆಂದೆ. "ಆ ಹಳ್ಳೀಲಿ ವ್ಯಾಪಾರ ಅಷ್ಟು ಚೆನ್ನಾಗಿದ್ಯಾ?" ಅಂದಳು. ಗೊತ್ತಿಲ್ಲ, ಸಂತೆ ಶುರುವಾಗಿ ಒಂದು ವಾರವೂ ಆಗಿಲ್ಲ ಎಂದೆ. "ಮತ್ಯಾಕಮ್ಮಾ ಹೋಗ್ತೀಯ?" ಅಂದಳು. "ಏಪ್ರಿಲ್ ತಿಂಗಳಲ್ಲಿ ಹೊಳೇಲಿ ನೀರಿಲ್ಲ ಅಂದ್ರು ನಮ್ಮಪ್ಪ" ಎಂದೆ. "ನಿಮ್ಮಪ್ಪನಿಗೆ ಹುಚ್ಚಾ?" ಅಂದಳು. ಹೌದು ಎಂದೆ. ಒಳಗೆ ಹೋಗಿ ತನ್ನ ಹಳೆಯ ಟೋಪಿ ಅಚ್ಚುಗಳಲ್ಲಿ ಒಳ್ಳೆಯದನ್ನೇ ಆರಿಸಿ ತಂದುಕೊಟ್ಟಳು. ಅವಳೂ ಯಾರದೋ ಮಗಳೇ ತಾನೇ.

ಅಪ್ಪಾ, ನಾನು ಹ್ಯಾಮಿಲ್ಟನ್ನಿಗೆ ಬಂದದ್ದು ಟೋಪಿ ಕಲಿಯಲಲ್ಲ. ಅಮ್ಮ ಹೋದಮೇಲೆ ಊಟದ ಮೇಜಿನಲ್ಲಿ ನಾವಿಬ್ಬರೂ ಎದುರುಬದುರು ಕೂತು, ನೀನು ಗೋಡೆಯಾಚೆಯ ಕಲ್ಲಿನ ಸದ್ದು ಕೇಳುತ್ತಿದ್ದೆ, ನಾನು ನೀನು ಅಗಿಯುವ ಸದ್ದು ಕೇಳುತ್ತಿದ್ದೆ. ಹೊರಡುತ್ತೇನೆ ಎಂದಾಗ ಬೇಡ ಅನ್ನುತ್ತೀಯೇನೋ ಎಂದು ಬಂಡಿ ಹತ್ತುವ ತನಕ ನೋಡಿದೆ. ಅನ್ನಲಿಲ್ಲ. ನಿನಗೆ ನಾನು ಬೇಡವೆಂದುಕೊಂಡೆ. ಇಷ್ಟು ವರ್ಷ ಹಾಗೇ ಅಂದುಕೊಂಡಿದ್ದೆ.

ನೀನು ಇದನ್ನು ಓದುತ್ತಿರುವ ಇವತ್ತು ಗುರುವಾರ. ಗಿರಣಿ ತುಂಬಿರುತ್ತದೆ, ಮೂರು ಕಲ್ಲಿನ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳಿಸುತ್ತಿರುವುದಿಲ್ಲ. ಪರವಾಗಿಲ್ಲ, ಸರದಿಯಲ್ಲಿ ಇರುವವರು ಒಂದು ನಿಮಿಷ ನಿಲ್ಲಲಿ. ಕೈಯ ಹಿಟ್ಟು ಒರೆಸಿಕೊಳ್ಳಬೇಡ. ನಿಧಾನವಾಗಿ ಓದಿ ಮುಗಿಸು. ಆಮೇಲೆ ತಲೆ ಎತ್ತು.

ಎದುರಿಗೇ ನಿಂತಿರುವ,
ಎಫೀ